ತಮ್ಮನಿಗೆ ಫಿಟ್ಸ್ ಇಲ್ಲ, ಚೀಟಿಯಲ್ಲಿ ಫಿಟ್ಸ್ ಮಾತ್ರೆ ಯಾಕೆ?

ಬೆಣ್ಣೆನಗರಿ ಅಕ್ಕ, ದಾವಣಗೆರೆ

ಬರೆಯೋದೋ ಬೇಡವೋ ಅಂತ ಮೂರು ವಾರ ಹೊಯ್ದಾಡಿ ಇವತ್ತು ಕೂತಿದ್ದೀನಿ. ನನ್ನ ತಮ್ಮನಿಗೆ 29 ವರ್ಷ. ಚೌಕಿಪೇಟೆಯಲ್ಲಿ ಅಪ್ಪನ ಕಿರಾಣಿ ಅಂಗಡಿ ಅವನೇ ನೋಡ್ಕೊಳ್ತಾನೆ. ಹೋದ ದೀಪಾವಳಿ ಹೊತ್ತಿಗೆ ಅವನಿಗೆ ನಿದ್ದೆ ಹೋಯ್ತು. ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ, ಆದರೂ ಮುಖದಲ್ಲಿ ದಣಿವಿಲ್ಲ. ಮಾತಿಗೆ ಕಡಿವಾಣ ಇಲ್ಲ. ಐದನೇ ದಿನ ಗಲ್ಲಾಪೆಟ್ಟಿಗೆ ಬರಿದು ಮಾಡಿ ಎರಡು ಹಳೇ ಟ್ರ್ಯಾಕ್ಟರಿಗೆ ಮುಂಗಡ ಕೊಟ್ಟು ಬಂದ. ನಮಗೆ ಒಂದು ಗುಂಟೆ ಹೊಲವೂ ಇಲ್ಲ.

ಆಸ್ಪತ್ರೆಗೆ ಸೇರಿಸಿದ್ವಿ. ಹನ್ನೆರಡು ದಿನ ಇದ್ದ. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ತೀರಾ ಏರಿ ಒಮ್ಮೆ ತೀರಾ ಕುಸಿಯೋ ಕಾಯಿಲೆ ಅಂದರು. ಡಿಸ್ಚಾರ್ಜ್ ಚೀಟಿಯಲ್ಲಿ ರಾತ್ರಿಗೆ ಡೈವಾಲ್‌ಪ್ರೊಯೆಕ್ಸ್ 1000 ಮಿ.ಗ್ರಾಂ, ಜೊತೆಗೆ ಒಲಾಂಜಪಿನ್ ಅನ್ನೋ ಇನ್ನೊಂದು ಮಾತ್ರೆ. "ತಪ್ಪಿಸಬೇಡಿ" ಅಂದರು, ಅಷ್ಟೇ. ನಾವೂ ಕೇಳಲಿಲ್ಲ. ಹೊರಗೆ ನಲವತ್ತು ಜನ ಕಾಯ್ತಿದ್ದರು, ನಮಗೆ ಮನೆ ಸೇರಿದರೆ ಸಾಕಾಗಿತ್ತು.

ನಾಲ್ಕು ತಿಂಗಳು ಚೆನ್ನಾಗಿದ್ದ. ಮೊದಲಿನ ಹಾಗೆ ಅಂಗಡಿ, ಸಂಜೆ ಕುಂದವಾಡ ಕೆರೆ ಸುತ್ತು, ಭಾನುವಾರ ಗೆಳೆಯರ ಜೊತೆ ಖಾಲಿ ದೋಸೆ. ಆಮೇಲೆ ಹರಿಹರದ ಕಡೆಯಿಂದ ಒಂದು ಸಂಬಂಧ ಬಂತು. ನೋಡೋಕೆ ಬಂದವರಲ್ಲಿ ಒಬ್ಬರು ಟಿವಿ ಸ್ಟ್ಯಾಂಡಿನ ಮೇಲಿದ್ದ ಡೈವಾಲ್‌ಪ್ರೊಯೆಕ್ಸ್ ಸ್ಟ್ರಿಪ್ ನೋಡಿದರು, ಹೆಸರು ಮೊಬೈಲಿನಲ್ಲಿ ಹಾಕಿದರು. ಎರಡು ದಿನಕ್ಕೆ ಮಧ್ಯಸ್ಥಗಾರರ ಫೋನು: "ಹುಡುಗನಿಗೆ ಫಿಟ್ಸ್ ಐತಂತೆ, ಮುಚ್ಚಿಟ್ಟಿದ್ದೀರಿ." ತಮ್ಮನಿಗೆ ಹುಟ್ಟಿದಾಗಿನಿಂದ ಒಂದು ಸಲವೂ ಫಿಟ್ಸ್ ಬಂದಿಲ್ಲ. ಅವನು ಸಂಕಟಪಟ್ಟು ಮೆಡಿಕಲ್ ಶಾಪಿಗೆ ಹೋಗಿ "ಇದು ಯಾವುದರ ಮಾತ್ರೆ?" ಅಂತ ಕೇಳಿದ. ಕೌಂಟರಿನ ಹುಡುಗ "ಫಿಟ್ಸ್‌ದು ಅಣ್ಣ" ಅಂದ. ಮನೆಗೆ ಬಂದವನು ನನ್ನ ಮುಂದೆ ಸ್ಟ್ರಿಪ್ ಇಟ್ಟು, "ಅಕ್ಕ, ಇಲ್ಲದ ಕಾಯಿಲೆಗೆ ನಾಲ್ಕು ತಿಂಗಳಿಂದ ನುಂಗಿಸ್ತಿದ್ದೀರಲ್ಲ" ಅಂದ. ಅವತ್ತೇ ಎಲ್ಲ ನಿಲ್ಲಿಸಿದ. ಹತ್ತೊಂಬತ್ತನೇ ದಿನಕ್ಕೆ ಮತ್ತೆ ಅದೇ ಆಸ್ಪತ್ರೆ, ಅದೇ ವಾರ್ಡು.

ಆ ಮಾತ್ರೆ ಕೊಟ್ಟಿದ್ದು ತಪ್ಪಾ? ಸರಿ ಅಂತಾದರೆ, ಯಾಕೆ ಕೊಟ್ಟರು ಅನ್ನೋ ಎರಡು ಮಾತನ್ನ ಯಾರೂ ಯಾಕೆ ಹೇಳಲಿಲ್ಲ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮೆಡಿಕಲ್ ಕೌಂಟರ್, ಚಿತ್ರದುರ್ಗ

ಅಕ್ಕಾ, ನಾನು 26 ವರ್ಷದಿಂದ ಕೌಂಟರಿನ ಹಿಂದೆ ನಿಂತಿರೋನು. ಮೊದಲು ಕ್ಷಮೆ ಕೇಳ್ತೀನಿ. ಆ ಹುಡುಗ ನಮ್ಮ ಅಂಗಡಿಯವನಲ್ಲ, ಆದರೆ ನಮ್ಮಲ್ಲಿ ಕಲಿಯೋಕೆ ಬರೋ ಹುಡುಗರೂ ಹಾಗೇ ಹೇಳ್ತಾರೆ. ಅವರಿಗೆ ನಾವು ಕಲಿಸೋದೇ ಹಾಗೆ: ಈ ಕಪಾಟು ಶುಗರ್, ಈ ಕಪಾಟು ಬಿಪಿ, ಆ ಮೂಲೆ ಫಿಟ್ಸ್. ಕಪಾಟಿನ ಹೆಸರನ್ನೇ ಅವರು ಕಾಯಿಲೆ ಅಂದ್ಕೊಂಡಿರ್ತಾರೆ.

ಸ್ಟ್ರಿಪ್ಪಿನ ಮೇಲೆ ಯಾವ ಕಾಯಿಲೆಗೆ ಅಂತ ಅಚ್ಚಾಗಿರಲ್ಲ. ಒಂದೇ ಗುಳಿಗೆ ಎಷ್ಟೋ ಕೆಲಸಕ್ಕೆ ಹೋಗುತ್ತೆ. ಅಮಿಟ್ರಿಪ್ಟಿಲಿನ್ ಡಿಪ್ರೆಶನ್ನಿಗೆ ಅಂತ ಬಂದಿದ್ದು, ಈಗ ನಮ್ಮಲ್ಲಿ ಮೈಗ್ರೇನ್ ಇರೋರು, ಶುಗರ್ ಬಂದು ಪಾದ ಉರಿಯೋರು ಒಯ್ಯೋದೇ ಜಾಸ್ತಿ. ಪ್ರೊಪ್ರನಲಾಲ್ ಬಿಪಿ ಕಪಾಟಿನದು, ಕೈ ನಡುಕಕ್ಕೂ ಬರೀತಾರೆ. ಕಾರ್ಬಮಜೆಪಿನ್ ಫಿಟ್ಸಿಗೂ ಐತೆ, ಮುಖದ ಒಂದು ಮಗ್ಗುಲಲ್ಲಿ ಕರೆಂಟ್ ಹೊಡೆದಂಗೆ ನರ ನೋಯುತ್ತಲ್ಲ, ಅದಕ್ಕೂ ಐತೆ. ಯಾರಿಗೆ ಯಾತಕ್ಕೆ ಅನ್ನೋದು ಚೀಟಿ ಬರೆದವರಿಗೆ ಮಾತ್ರ ಗೊತ್ತು, ಅವರು ಬರೆಯಲ್ಲ. ನಾನು ಈಗ ನಮ್ಮ ಹುಡುಗರಿಗೆ ಒಂದೇ ಮಾತು ಹೇಳಿಟ್ಟಿದ್ದೀನಿ: ಯಾತರ ಮಾತ್ರೆ ಅಂತ ಕೇಳಿದರೆ "ಇದು ಹಲವಕ್ಕೆ ಬರುತ್ತೆ, ನಿಮಗೆ ಯಾತಕ್ಕೆ ಅಂತ ಡಾಕ್ಟರನ್ನೇ ಕೇಳಿ, ಅಲ್ಲೀವರೆಗೂ ಬಿಡಬೇಡಿ" ಅನ್ನಬೇಕು.

ಇನ್ನೊಂದು. ಡೈವಾಲ್‌ಪ್ರೊಯೆಕ್ಸ್ ಮತ್ತು ಸೋಡಿಯಂ ವಾಲ್‌ಪ್ರೊಯೇಟ್ ಹತ್ತಿರದ ಸಂಬಂಧಿಗಳು, ಆದರೂ ಅಂಗಡಿಯವರು "ಅದೇ ಇದು" ಅಂತ ಬದಲಿ ಕೊಟ್ಟರೆ ಒಪ್ಪಬೇಡಿ. ಇಆರ್, ಸಿಆರ್ ಅಂತ ಬರೆದಿರೋ ಮಾತ್ರೆ ಹೊಟ್ಟೆಯಲ್ಲಿ ನಿಧಾನಕ್ಕೆ ಕರಗೋ ಹಂಗೆ ಮಾಡಿರೋದು. ಪುಡಿ ಮಾಡಿ ಬೆಲ್ಲದಲ್ಲಿ ಕಲಸಿ ಕೊಡೋರನ್ನ ನೋಡಿದ್ದೀನಿ. ಮಾಡಬೇಡಿ.

ಪಿಜಿ ಮನೋವೈದ್ಯ

ನಾನು ಮನೋವೈದ್ಯ ವಿಭಾಗದಲ್ಲಿ ಕಲಿಯುತ್ತಿರುವ ವೈದ್ಯ. ನಿಮ್ಮ ತಮ್ಮನನ್ನು ನೋಡಿಲ್ಲ, ಹಾಗಾಗಿ ಸಾಮಾನ್ಯ ವಿಚಾರ ಮಾತ್ರ ಹೇಳುತ್ತೇನೆ. ಜೋರಾದ ಮೇನಿಯಾಕ್ಕೆ, ಅಂದರೆ ಬೈಪೋಲಾರಿನಲ್ಲಿ ಮನಸ್ಸು ತೀರಾ ಏರಿದ ಸ್ಥಿತಿಗೆ, ಡೈವಾಲ್‌ಪ್ರೊಯೆಕ್ಸ್ ಕೊಡುವುದು ತಪ್ಪಲ್ಲ, ಪ್ರಯೋಗವೂ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1995ರಲ್ಲೇ ಮೇನಿಯಾಕ್ಕೆ ಒಪ್ಪಿಗೆ ಕೊಟ್ಟಿದೆ.

ಈ ಮದ್ದಿನ ಕಥೆ ಹೇಳಲೇಬೇಕು. ಇದರ ಮೂಲವಾದ ವಾಲ್‌ಪ್ರೊಯಿಕ್ ಆಸಿಡ್ ಅನ್ನು ಮೊದಲು ತಯಾರಿಸಿದ್ದು 1882ರಲ್ಲಿ, ಬರ್ಟನ್ ಎಂಬ ರಸಾಯನಶಾಸ್ತ್ರಜ್ಞ. ಅದರಿಂದ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಎಂಬತ್ತು ವರ್ಷ ಅದು ಲ್ಯಾಬಿನಲ್ಲಿ ಬೇರೆ ವಸ್ತುಗಳನ್ನು ಕರಗಿಸುವ ದ್ರಾವಕವಾಗಿ ಬಿದ್ದಿತ್ತು. 1963ರ ಸುಮಾರಿಗೆ ಫ್ರಾನ್ಸಿನಲ್ಲಿ ಪಿಯರ್ ಎಮಾರ್ ಎಂಬ ಯುವಕ ಕೆಲವು ಹೊಸ ವಸ್ತುಗಳನ್ನು ಅದರಲ್ಲಿ ಕರಗಿಸಿ ಪ್ರಾಣಿಗಳಿಗೆ ಕೊಟ್ಟು, ಸೆಳವು ನಿಲ್ಲುತ್ತದೆಯೇ ಅಂತ ನೋಡಿದ. ಯಾವುದನ್ನು ಕೊಟ್ಟರೂ ಸೆಳವು ನಿಲ್ಲುತ್ತಿತ್ತು. ಆಮೇಲೆ ಹೊಳೆಯಿತು: ಕೆಲಸ ಮಾಡಿದ್ದು ಮದ್ದಲ್ಲ, ಅನುಪಾನ. ಜೇನು ಬೆರೆಸಿ ಕೊಟ್ಟ ಚೂರ್ಣದಲ್ಲಿ ಜೇನೇ ಔಷಧವಾದ ಹಾಗೆ. 1967ರಲ್ಲಿ ಫ್ರಾನ್ಸಿನಲ್ಲಿ ಅದು ಮೂರ್ಛೆ ರೋಗದ ಮದ್ದಾಗಿ ಮಾರುಕಟ್ಟೆಗೆ ಬಂತು. ಅದಕ್ಕೂ ಒಂದು ವರ್ಷ ಮೊದಲೇ, 1966ರಲ್ಲಿ, ಲ್ಯಾಂಬರ್ಟ್ ಎಂಬ ಫ್ರೆಂಚ್ ವೈದ್ಯ ಮತ್ತು ಸಂಗಡಿಗರು ಇದೇ ಕುಟುಂಬದ ವಾಲ್‌ಪ್ರೊಮೈಡ್ ಮನಸ್ಸಿನ ಏರಿಳಿತಕ್ಕೂ ಉಪಯೋಗವಾಗುತ್ತದೆ ಅಂತ ವರದಿ ಮಾಡಿದ್ದರು. ಅಂದರೆ ಫಿಟ್ಸ್ ಮತ್ತು ಮೂಡ್, ಎರಡೂ ಗುಣ ಈ ಮದ್ದಿನಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಕಂಡವು. ಕಪಾಟಿನ ಮೇಲೆ ಒಂದೇ ಹೆಸರು ಉಳಿಯಿತು, ಅಷ್ಟೆ.

ಕಾರ್ಬಮಜೆಪಿನ್ ಕೂಡ ಹಾಗೇ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಯಿತು. ಮೇನಿಯಾ ಇಳಿಸುತ್ತದೆ ಅಂತ 1970ರ ದಶಕದ ಆರಂಭದಲ್ಲಿ ಜಪಾನಿನ ಒಕುಮಾ ಮತ್ತು ಸಂಗಡಿಗರು ತೋರಿಸಿದರು. ಎಫ್‌ಡಿಎ ಒಪ್ಪಿಗೆ ಬಂದಿದ್ದು 2004ರಲ್ಲಿ. ನಡುವಿನ ಮೂವತ್ತು ವರ್ಷ ಅಮೆರಿಕದ ವೈದ್ಯರು ಮೇನಿಯಾಕ್ಕೆ ಕೊಟ್ಟಿದ್ದೆಲ್ಲ ಆಫ್ ಲೇಬಲ್. ಲೇಬಲ್ ಅಂದರೆ ಔಷಧ ನಿಯಂತ್ರಣ ಸಂಸ್ಥೆ ಯಾವ ಕಾಯಿಲೆಗೆ ಮಾರಲು ಒಪ್ಪಿದೆ ಎಂಬುದು. ಅದರಾಚೆಗಿನ ಬಳಕೆ ಆಫ್ ಲೇಬಲ್. ಲ್ಯಾಮೊಟ್ರಿಜಿನ್ ಫಿಟ್ಸಿಗೆ 1994ರಲ್ಲಿ ಬಂತು, ಬೈಪೋಲಾರ್ ಮರುಕಳಿಸದಂತೆ ತಡೆಯಲು 2003ರಲ್ಲಿ. ಅದರ ಬಲ ಖಿನ್ನತೆಯ ಕಡೆಗೆ, ಏರಿದ ಮೇನಿಯಾ ಇಳಿಸಲು ಅದು ಆಗುವುದಿಲ್ಲ.

ಮಿದುಳಿನ ನರಕೋಶಗಳು ಅತಿಯಾಗಿ ಕಿಡಿ ಹಾರಿಸುವುದನ್ನು ಇವು ತಗ್ಗಿಸುತ್ತವೆ. ಅದರಿಂದ ಮನಸ್ಸು ಹೇಗೆ ಸಮವಾಗುತ್ತದೆ ಎಂಬುದಕ್ಕೆ ಪೂರ್ತಿ ಉತ್ತರ ವಿಜ್ಞಾನದ ಬಳಿ ಇನ್ನೂ ಇಲ್ಲ.

ತುಂಗಭದ್ರಾ ದಡ, ಹರಿಹರ

ಡಾಕ್ಟ್ರೇ, ಕಥೆ ಚೆನ್ನಾಗಿದೆ. ಆದರೆ ನೀವೇ ಹೇಳಿದಿರಿ, ಹೇಗೆ ಕೆಲಸ ಮಾಡುತ್ತೆ ಅಂತ ಪೂರ್ತಿ ಗೊತ್ತಿಲ್ಲ. ಒಪ್ಪಿಗೆ ಇಲ್ಲದೆ ಮೂವತ್ತು ವರ್ಷ ಕೊಟ್ಟರು. ಇದನ್ನ ಬಡವರ ಮೇಲಿನ ಪ್ರಯೋಗ ಅನ್ನದೆ ಏನನ್ನಬೇಕು? ನನ್ನ ಹೆಂಡತಿಗೆ ಆತಂಕ ಅಂತ ಹೋದರೆ ಗ್ಯಾಬಪೆಂಟಿನ್ ಕೊಟ್ಟರು. ಅದೂ ಫಿಟ್ಸ್ ಮಾತ್ರೆಯೇ. ಎರಡು ತಿಂಗಳು ತೂಕಡಿಸಿಕೊಂಡು ಅಡಿಗೆ ಮಾಡಿದಳು, ಒಂದು ಸಲ ಒಲೆ ಮುಂದೆ ಬಿದ್ದಳು. ಕಂಪನಿಯವರು ಡಾಕ್ಟರುಗಳ ಬಾಗಿಲಲ್ಲಿ ಬ್ಯಾಗ್ ಹಿಡಿದು ಯಾಕೆ ನಿಂತಿರ್ತಾರೆ ಅಂತ ಎಲ್ಲರಿಗೂ ಗೊತ್ತು. ನಿಮಗೆ ಬೇಜಾರಾಗಲಿ ಅಂತ ಹೇಳ್ತಿಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಹೇಳ್ತಿದ್ದೀನಿ.

ಪಿಜಿ ಮನೋವೈದ್ಯ

ಸರ್, ಬೇಜಾರಿಲ್ಲ. ನಿಮ್ಮ ಸಿಟ್ಟಿಗೆ ಕಾರಣವಿದೆ, ಅದನ್ನು ಮುಚ್ಚಿಟ್ಟು ಮಾತಾಡಿದರೆ ನಾನು ಪ್ರಾಮಾಣಿಕನಲ್ಲ.

ಗ್ಯಾಬಪೆಂಟಿನ್ ಹೆಸರು ತೆಗೆದಿರಿ. ಅಮೆರಿಕದಲ್ಲಿ ಅದನ್ನು ಫಿಟ್ಸ್ ಮದ್ದಾಗಿ ಮಾರಲು ಒಪ್ಪಿಗೆ ಪಡೆದ ಕಂಪನಿ, ಬೈಪೋಲಾರ್ ಸೇರಿ ಒಪ್ಪಿಗೆಯಿಲ್ಲದ ಹಲವು ಕಾಯಿಲೆಗಳಿಗೆ ವೈದ್ಯರ ನಡುವೆ ಪ್ರಚಾರ ಮಾಡಿತು. ಒಳಗೇ ಕೆಲಸ ಮಾಡುತ್ತಿದ್ದ ಡೇವಿಡ್ ಫ್ರಾಂಕ್ಲಿನ್ ಎಂಬ ವಿಜ್ಞಾನಿ ಕೋರ್ಟಿಗೆ ಹೋದರು. 2004ರಲ್ಲಿ ವಾರ್ನರ್ ಲ್ಯಾಂಬರ್ಟ್ ಎಂಬ ಆ ಕಂಪನಿ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ಕಟ್ಟಿತು. ಅಷ್ಟರಲ್ಲಿ ಸರಿಯಾದ ಪರೀಕ್ಷೆಗಳೂ ನಡೆದಿದ್ದವು. ಬೈಪೋಲಾರಿನಲ್ಲಿ ಗ್ಯಾಬಪೆಂಟಿನ್, ಹೋಲಿಕೆಗೆಂದು ಕೊಡುವ ಮದ್ದಿಲ್ಲದ ಬರೀ ಹಿಟ್ಟಿನ ಗುಳಿಗೆಗಿಂತ ಮೇಲು ಅಂತ ಸಾಬೀತಾಗಲಿಲ್ಲ. 2012ರಲ್ಲಿ ಡೈವಾಲ್‌ಪ್ರೊಯೆಕ್ಸ್ ಮಾರುತ್ತಿದ್ದ ಅಬಾಟ್ ಕಂಪನಿಯೂ ಸಿಕ್ಕಿಬಿತ್ತು. ಮರೆವಿನ ಕಾಯಿಲೆ ಇರುವ ಮುದುಕರ ಗಲಾಟೆ ಅಡಗಿಸಲು ಅಂತ ವೃದ್ಧಾಶ್ರಮಗಳಲ್ಲಿ ಅದನ್ನು ಪ್ರಚಾರ ಮಾಡಿದ್ದಕ್ಕೆ 150 ಕೋಟಿ ಡಾಲರ್ ಕಟ್ಟಬೇಕಾಯಿತು. ಅದೇ ಗುಳಿಗೆ ಸರ್. ಮೇನಿಯಾದಲ್ಲಿ ಜೀವ ಉಳಿಸುವುದು, ಅಲ್ಲಿ ಮುದುಕರನ್ನು ಮಂಪರಿನಲ್ಲಿ ಕೆಡವಿತು.

ಆದ್ದರಿಂದ ಆಫ್ ಲೇಬಲ್ ಅಂದ ಕೂಡಲೇ ಮೋಸ ಅನ್ನಬಾರದು, ಎಲ್ಲ ಸರಿ ಅಂತಲೂ ಅನ್ನಬಾರದು. ಪುರಾವೆ ಎಷ್ಟಿದೆ ಅಂತ ಕೇಳಬೇಕು. ಹಳೆಯ ಮದ್ದುಗಳ ಪೇಟೆಂಟ್ ಮುಗಿದಿರುತ್ತದೆ. ಹೊಸ ಕಾಯಿಲೆಗೆ ಒಪ್ಪಿಗೆ ಪಡೆಯಲು ಹಣ ಸುರಿಯುವುದು ಯಾವ ಕಂಪನಿಗೂ ಲಾಭವಲ್ಲ. ಹಾಗಾಗಿ ಒಳ್ಳೆಯ ಪುರಾವೆ ಇದ್ದೂ ಲೇಬಲ್ ಇಲ್ಲದ ಬಳಕೆಗಳಿವೆ. ಪ್ರೆಗಾಬಲಿನ್ ಎಂಬ ಇನ್ನೊಂದು ಫಿಟ್ಸ್ ಮದ್ದು ಆತಂಕಕ್ಕೆ ಯುರೋಪಿನಲ್ಲಿ 2006ರಿಂದ ಒಪ್ಪಿತ, ಅಮೆರಿಕದಲ್ಲಿ ಇಲ್ಲ. ಗುಳಿಗೆ ಒಂದೇ, ಗಡಿ ದಾಟಿದರೆ ಲೇಬಲ್ ಬೇರೆ. ಇನ್ನು ಕೆಲವು ಬರೀ ಊಹೆಯ ಮೇಲೆ ನಡೆಯುತ್ತವೆ. ವಾಲ್‌ಪ್ರೊಯೇಟ್ ಕೆಲಸ ಮಾಡಿತು, ಕಾರ್ಬಮಜೆಪಿನ್ ಮಾಡಿತು, ಹಾಗಾದರೆ ಫಿಟ್ಸ್ ನಿಲ್ಲಿಸುವುದೆಲ್ಲ ಮೇನಿಯಾಕ್ಕೂ ಆಗುತ್ತದೆ ಅಂತ ಜನ ನಂಬಿದರು. ಟೊಪಿರಾಮೇಟ್ ಎಂಬ ಫಿಟ್ಸ್ ಮದ್ದು ಪರೀಕ್ಷೆಗೆ ನಿಂತಾಗ ಮೇನಿಯಾದಲ್ಲಿ ಸೋತಿತು. ಅಣ್ಣ ಹಾಡುತ್ತಾನೆ ಅಂತ ತಮ್ಮನನ್ನೂ ವೇದಿಕೆಗೆ ಹತ್ತಿಸಿದ ಹಾಗಾಯಿತು.

ನಿಮ್ಮ ಮನೆಯವರು ಒಲೆ ಮುಂದೆ ಬಿದ್ದದ್ದನ್ನು ವೈದ್ಯರಿಗೆ ಹೇಳಿದಿರಾ? ಈಗಲೂ ತಗೊಳ್ಳುತ್ತಿದ್ದರೆ ತಾವಾಗಿ ಒಮ್ಮೆಲೇ ನಿಲ್ಲಿಸುವುದು ಬೇಡ. ಫಿಟ್ಸ್ ಇಲ್ಲದವರಿಗೂ ಈ ಜಾತಿಯ ಮದ್ದು ತಟ್ಟನೆ ಬಿಟ್ಟರೆ ತೊಂದರೆ ಆಗಬಹುದು. ಇಳಿಸುತ್ತಾ ಬರಬೇಕು.

ಹಿರಿಯೂರಿನ ತಾಯಿ

ಇಲ್ಲಿ ಎಲ್ಲರೂ ಗಂಡುಮಕ್ಕಳ ವಿಷಯ ಹೇಳ್ತಿದ್ದೀರಿ. ನನ್ನ ಮಗಳದು ಕೇಳಿ.

ಅವಳಿಗೆ 22 ಇದ್ದಾಗ ಕಾಯಿಲೆ ಶುರುವಾಯಿತು. ವಾಲ್‌ಪ್ರೊಯೇಟ್ ಕೊಟ್ಟರು. ಗುಣ ಆದಳು, ಸುಳ್ಳು ಹೇಳಲ್ಲ. ಮೈ ದಪ್ಪವಾಯಿತು, ಕೂದಲು ಬಾಚಣಿಗೆ ತುಂಬ ಬರ್ತಿತ್ತು, ಮುಟ್ಟು ತಪ್ಪುತ್ತಿತ್ತು. ವಯಸ್ಸಿನ ಹುಡುಗಿ, ಉಷ್ಣ ಇರಬೇಕು ಅಂತ ನಾನು ಮೆಂತ್ಯ ನೆನೆಸಿ ಕೊಟ್ಟೆ. 24ಕ್ಕೆ ಮದುವೆ ಮಾಡಿದೆವು. ಗಂಡನ ಮನೆಯವರಿಗೆ ಹೇಳಿಯೇ ಮಾಡಿದೆವು, ಅದೊಂದು ನೆಮ್ಮದಿ. ಆದರೆ ಈ ಗುಳಿಗೆ ತಗೊಳ್ಳುವಾಗ ಬಸುರಾಗಬಾರದು ಅಂತ ಎರಡು ವರ್ಷದಲ್ಲಿ ಯಾರೂ ನಮಗೆ ಹೇಳಿರಲಿಲ್ಲ. ಹೇಳಿದ್ದು ಬೇರೆ ಊರಿನ ಹೆರಿಗೆ ಡಾಕ್ಟರಮ್ಮ. ಮದುವೆಯಾದ ಮೂರು ತಿಂಗಳಿಗೆ ಬೇರೆ ಏನಕ್ಕೋ ತೋರಿಸೋಕೆ ಹೋದಾಗ ಚೀಟಿ ನೋಡಿ ಅವರ ಮುಖವೇ ಬದಲಾಯಿತು. "ಅಮ್ಮ, ಇವಳಿಗೆ ಮಕ್ಕಳು ಬೇಕು ಅಂದರೆ ಮೊದಲು ಇದು ಬದಲಾಗಬೇಕು" ಅಂದರು. ಪುಣ್ಯಕ್ಕೆ ಅಷ್ಟರಲ್ಲಿ ಏನೂ ಆಗಿರಲಿಲ್ಲ.

ಆಮೇಲೆ ನಾನು ಓದಿಕೊಂಡೆ, ಕೇಳಿ ಕೇಳಿ ತಿಳಿದುಕೊಂಡೆ. ತಾಯಿ ವಾಲ್‌ಪ್ರೊಯೇಟ್ ತಗೊಳ್ಳುವಾಗ ಹುಟ್ಟುವ ಮಕ್ಕಳಲ್ಲಿ ಹತ್ತಕ್ಕೆ ಒಂದು ಮಗುವಿಗೆ ಅಂಗದೋಷ ಇರುತ್ತದೆ. ಬೆನ್ನುಮೂಳೆ ಮುಚ್ಚದೆ ಇರುವುದು, ಹೃದಯದ ತೊಂದರೆ, ಸೀಳು ಅಂಗುಳ. ಹತ್ತಕ್ಕೆ ಮೂರು ನಾಲ್ಕು ಮಕ್ಕಳಲ್ಲಿ ಮಾತು, ನಡಿಗೆ, ಕಲಿಕೆ ಹಿಂದೆ ಬೀಳುತ್ತದೆ. ಬೆನ್ನುಮೂಳೆ ಕೂಡುವುದು ಮೊದಲ ತಿಂಗಳಲ್ಲೇ, ಮುಟ್ಟು ನಿಂತಿದೆ ಅಂತ ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ಆ ಕೆಲಸ ಮುಗಿದಿರುತ್ತದೆ. ಬ್ರಿಟನ್ನಿನಲ್ಲಿ 2018ರಿಂದ ಗರ್ಭ ತಡೆಯುವ ವ್ಯವಸ್ಥೆ ಇಲ್ಲದೆ ಹೆಣ್ಣುಮಕ್ಕಳಿಗೆ ಇದನ್ನ ಕೊಡುವಂತಿಲ್ಲ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಇದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಿರಿಯೂರಿಗೆ ಆ ಮಾತು ತಲುಪೋಕೆ ಎಷ್ಟು ವರ್ಷ ಬೇಕು?

ಮಗಳಿಗೆ ನಿಧಾನಕ್ಕೆ ಗುಳಿಗೆ ಬದಲಿಸಿದರು, ಆರು ತಿಂಗಳು ಹಿಡಿಯಿತು. ಈಗ ಲ್ಯಾಮೊಟ್ರಿಜಿನ್ ಮೇಲೆ ಇದ್ದಾಳೆ. ಮೊಮ್ಮಗನಿಗೆ ಒಂದೂವರೆ ವರ್ಷ, ಮನೆ ತುಂಬ ಓಡಾಡ್ತಾನೆ. ಹೆಣ್ಣುಮಕ್ಕಳಿರೋರು ಇದನ್ನ ಓದ್ತಿದ್ದರೆ ಗಾಬರಿ ಬಿದ್ದು ನಾಳೆಯೇ ಗುಳಿಗೆ ನಿಲ್ಲಿಸಬೇಡಿ, ಬಸುರಿ ಅಂತ ಗೊತ್ತಾದರೂ ತಾವೇ ನಿಲ್ಲಿಸಬೇಡಿ. ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಅವರು ತಾವಾಗಿ ಹೇಳ್ತಾರೆ ಅಂತ ಕಾಯಬೇಡಿ.

ತೋಟದಮನೆ, ಚನ್ನಗಿರಿ

ನನ್ನ ಅಣ್ಣನಿಗೆ ಕುಡಿತ ಬಿಡಿಸೋಕೆ ಟೊಪಿರಾಮೇಟ್ ಬರೆದಿದ್ದಾರೆ. ಮೇಲೆ ನೋಡಿದರೆ ಅದು ಸೋತ ಮದ್ದು ಅಂದಿದ್ದೀರಿ. ಅಡಿಕೆ ಕೊಯ್ಲು ಮುಗಿದ ಮೇಲೆ ಬಹಳ ಕಷ್ಟಪಟ್ಟು ಒಪ್ಪಿಸಿ ಕರ್ಕೊಂಡು ಹೋಗಿದ್ದು. ಐದು ವಾರ ಆಯ್ತು, ಕುಡಿತ ಕಮ್ಮಿ ಆಗಿದೆ. ಆದರೆ ಮಾತಾಡ್ತಾ ಮಾತಾಡ್ತಾ ಪದ ಸಿಗದೆ ನಿಲ್ತಾನೆ. ಮೊನ್ನೆ ನಮ್ಮ ನಾಯಿಯ ಹೆಸರೇ ನೆನಪಾಗಲಿಲ್ಲ ಅವನಿಗೆ. ನಿಲ್ಲಿಸಬೇಕಾ?

ಪಿಜಿ ಮನೋವೈದ್ಯ

ಸೋತಿದ್ದು ಮೇನಿಯಾದಲ್ಲಿ ಮಾತ್ರ. ಕುಡಿತದ ಚಟಕ್ಕೆ ಟೊಪಿರಾಮೇಟ್ ಆಫ್ ಲೇಬಲ್ ಆದರೂ ಒಳ್ಳೆಯ ಪುರಾವೆ ಇರುವ ಮದ್ದು. ಪದ ಸಿಗದಿರುವುದು ಅದರ ಹೆಸರಾಂತ ಅಡ್ಡಪರಿಣಾಮ, ಡೋಸ್ ಬೇಗ ಏರಿಸಿದರೆ ಹೆಚ್ಚು. ತೋರಿಸಿದಾಗ ನಾಯಿಯ ಹೆಸರಿನ ಪ್ರಸಂಗವನ್ನೇ ಹೇಳಿ, ಡೋಸ್ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನೀರು ಚೆನ್ನಾಗಿ ಕುಡಿಯಲಿ, ಕಿಡ್ನಿಯಲ್ಲಿ ಕಲ್ಲಾಗುವ ಸಾಧ್ಯತೆ ಇದೆ. ಕಣ್ಣು ತಟ್ಟನೆ ಮಂಜಾಗಿ ನೋವು ಬಂದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹೊಳಲ್ಕೆರೆ ಮೇಷ್ಟ್ರು

ಹಿರಿಯೂರಿನ ಅಮ್ಮನವರು ಲ್ಯಾಮೊಟ್ರಿಜಿನ್ ಅಂದಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನನಗೆ ಖಿನ್ನತೆ ಹೆಚ್ಚಿರುವ ಬಗೆಯ ಬೈಪೋಲಾರ್. ಆ ಮಾತ್ರೆಯನ್ನು ಏರಿಸುವ ರೀತಿ ಬೇರೆ: ಎರಡು ವಾರ 25 ಮಿ.ಗ್ರಾಂ, ಮತ್ತೆರಡು ವಾರ 50, ಆಮೇಲೆ 100, ಹಾಗೆ 200ಕ್ಕೆ. ಇಷ್ಟು ನಿಧಾನ ಯಾಕೆ ಅಂತ ನನಗೆ ಬೇಸರ. ಗುಣವಾಗಬೇಕಾದವನಿಗೆ ಆರು ವಾರ ಅಂದರೆ ಆರು ವರ್ಷ. ಆದರೂ ಏರಿ, ಚೆನ್ನಾಗಿದ್ದೆ.

ಮಾರನೇ ವರ್ಷ ನಾಯಕನಹಟ್ಟಿ ತೇರಿಗೆ ಮಾವನ ಮನೆ ಕಡೆ ಹೋದವನು ಮಾತ್ರೆ ಮರೆತು ಹೋದೆ. ಬಂದ ಮೇಲೂ ಪರೀಕ್ಷೆ ಪತ್ರಿಕೆಗಳ ಗಡಿಬಿಡಿ. ಒಟ್ಟು ಹತ್ತು ದಿನ ತಪ್ಪಿತು. ಹನ್ನೊಂದನೇ ದಿನ ನೆನಪಾಗಿ, ಸೀದಾ 200 ನುಂಗಿದೆ. ಬಿಟ್ಟಿದ್ದನ್ನು ಮುಂದುವರಿಸುವುದು ಅಂದುಕೊಂಡೆ. ಒಂದು ವಾರಕ್ಕೆ ಎದೆ ಮೇಲೆ ಕೆಂಪು ಗಂಧೆ, ಜ್ವರ. ಬಿಸಿಲಿನದು ಅಂತ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಬಾಯೊಳಗೆ ಹುಣ್ಣು, ಕಣ್ಣು ಕೆಂಪು. ಹೆಂಡತಿ ಹಟ ಮಾಡಿ ಆಸ್ಪತ್ರೆಗೆ ಒಯ್ದಳು. ಚರ್ಮವೇ ಸುಲಿದು ಹೋಗುವ ಸ್ಟೀವನ್ಸ್ ಜಾನ್ಸನ್ ಅನ್ನುವ ಕಾಯಿಲೆಯ ಹೊಸ್ತಿಲಲ್ಲಿ ಇದ್ದೆನಂತೆ. ಅಲ್ಲಿಂದ ಹಿಂದಕ್ಕೆ ಬಂದೆ. ಇನ್ನು ಆ ಮಾತ್ರೆಯನ್ನು ಮುಟ್ಟುವ ಹಾಗಿಲ್ಲ.

ಸುಮಾರು ಐದು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ 25ರಿಂದಲೇ ಶುರು ಮಾಡಬೇಕು ಎಂಬುದನ್ನು ನಾನು ಕಲಿತದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. ವಾಲ್‌ಪ್ರೊಯೇಟ್ ಜೊತೆಗಿದ್ದರೆ ಇನ್ನೂ ಅರ್ಧ ಪ್ರಮಾಣ, ಅದು ಇದನ್ನು ಮೈಯಿಂದ ಬೇಗ ಹೊರಹೋಗಲು ಬಿಡುವುದಿಲ್ಲ. ಕಾರ್ಬಮಜೆಪಿನ್ ತಗೊಳ್ಳುವವರಿಗೂ ಮೊದಲ ತಿಂಗಳುಗಳಲ್ಲಿ ಇದೇ ಚರ್ಮದ ಅಪಾಯವಿದೆ. ಏಷ್ಯಾದ ಜನರಲ್ಲಿ ಕೆಲವರಿಗೆ ಇರುವ ಒಂದು ವಂಶವಾಹಿ ಅದಕ್ಕೆ ಕಾರಣ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ ಅಂತ ಎಫ್‌ಡಿಎ 2007ರಲ್ಲಿ ಎಚ್ಚರಿಸಿದೆ. ಗಂಧೆ ಎದ್ದರೆ ಬಿಸಿಲು, ಪಿತ್ತ ಅಂತ ಕೂರಬೇಡಿ. ನಾನು ವಿಜ್ಞಾನ ಪಾಠ ಮಾಡುವವನು, ನಾನೇ ಕೂತಿದ್ದೆ.

ಜಗಳೂರು ಹುಡುಗ

ನನಗೆ ನಿಜವಾಗಿ ಫಿಟ್ಸ್ ಐತಿ. ಒಂಬತ್ತನೇ ಕ್ಲಾಸಿನಿಂದ. ಈ ಚರ್ಚೆ ಪೂರ್ತಿ ಓದಿದೆ, ಒಂದು ಮಾತು ಚುಚ್ಚಿತು. "ನಮ್ಮವನಿಗೆ ಫಿಟ್ಸ್ ಇಲ್ಲ" ಅಂತ ಎಲ್ಲರೂ ಒತ್ತಿ ಒತ್ತಿ ಹೇಳ್ತೀರಿ. ಫಿಟ್ಸ್ ಇದ್ದಿದ್ದರೆ ಆ ಸಂಬಂಧದವರು ಎದ್ದು ಹೋಗಿದ್ದು ಸರಿ ಆಗ್ತಿತ್ತಾ ಅಕ್ಕ? ನನಗೆ ಇದು ಉಲ್ಟಾ ಆಗೈತಿ. ನಮ್ಮೂರಲ್ಲಿ ಒಬ್ಬರು ಇದೇ ವಾಲ್‌ಪ್ರೊಯೇಟ್ ತಲೆ ಕೆಟ್ಟೋರಿಗೆ ಕೊಡ್ತಾರೆ ಅಂತ ಎಲ್ಲೋ ಕೇಳಿ ಬಂದು, ನನಗೂ ಹುಚ್ಚು ಅಂತ ಹಬ್ಬಿಸಿದರು. ಅವತ್ತಿನಿಂದ ಸ್ಟ್ರಿಪ್ ಬಿಚ್ಚಿ ಮಾತ್ರೆಗಳನ್ನ ಸುಣ್ಣದ ಡಬ್ಬಿಯಲ್ಲಿ ಇಟ್ಕೊಂಡು ಕಾಲೇಜಿಗೆ ಹೋಗ್ತಿದ್ದೆ.

ನಡುವೆ ಒಂದು ವರ್ಷ ಲೆವೆಟಿರಾಸೆಟಮ್ ಕೊಟ್ಟಿದ್ದರು. ಫಿಟ್ಸ್ ನಿಂತವು, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಅಮ್ಮನ ಮೇಲೆ ಕೈ ಎತ್ತಿದ ದಿನ ನಾನೇ ಅತ್ತೆ. ಡಾಕ್ಟರಿಗೆ ಹೇಳಿದರೆ, ಆ ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತೆ ಅಂದು ಬದಲಿಸಿದರು. ಈ ಮಾತ್ರೆಗಳು ಮನಸ್ಸನ್ನ ಸರಿ ಮಾಡೋದೂ ಐತಿ, ಕೆಡಿಸೋದೂ ಐತಿ. ಮನೆಯಲ್ಲಿ ಒಬ್ಬರು ಗಮನಿಸ್ತಾ ಇರಬೇಕು.

ಬೆಣ್ಣೆನಗರಿ ಅಕ್ಕ, ದಾವಣಗೆರೆ

ಜಗಳೂರಿನ ತಮ್ಮಾ, ನಿನ್ನ ಮಾತು ಓದಿ ನಾಚಿಕೆಯಾಯ್ತು. ನಾನು ಹಾಗೆ ಯೋಚಿಸಿಯೇ ಇರಲಿಲ್ಲ. ಇದ್ದಿದ್ದರೂ ಸರಿ ಆಗ್ತಿರಲಿಲ್ಲಪ್ಪ. ಕ್ಷಮಿಸು.

ಪಿಜಿ ಮನೋವೈದ್ಯ

ಜಗಳೂರಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2008ರಲ್ಲಿ ಎಫ್‌ಡಿಎ ಹನ್ನೊಂದು ಫಿಟ್ಸ್ ಮದ್ದುಗಳ 199 ಪರೀಕ್ಷೆಗಳನ್ನು ಒಟ್ಟಿಗೆ ಹಾಕಿ ನೋಡಿತು. ಸಾಯುವ ಯೋಚನೆ ಅಥವಾ ನಡವಳಿಕೆ ಕಂಡಿದ್ದು ಮದ್ದು ತಗೊಂಡವರಲ್ಲಿ 0.43 ಶೇಕಡಾ, ಹಿಟ್ಟಿನ ಗುಳಿಗೆಯವರಲ್ಲಿ 0.24. ಅಂದರೆ ಸಾವಿರಕ್ಕೆ ಸುಮಾರು ಇಬ್ಬರು ಹೆಚ್ಚು. ಸಣ್ಣ ಸಂಖ್ಯೆ, ಆದರೆ ಆ ಇಬ್ಬರು ಯಾರ ಮನೆಯವರೂ ಆಗಬಹುದು. ಮಾತು ನಿಂತರೆ, ಮಂಕು ಹೆಚ್ಚಿದರೆ, ಮುಂದಿನ ತಾರೀಖಿಗೆ ಕಾಯಬೇಡಿ. ರಾತ್ರಿ ಹೊತ್ತಾದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೋರ್ಟ್ ಕಟ್ಟೆ, ಚಿತ್ರದುರ್ಗ

ವಕೀಲನಾಗಿ ಒಂದು ವಿಷಯ. ಕೇಳಿದರೆ ಡಾಕ್ಟರು ಸಿಟ್ಟಾಗ್ತಾರೇನೋ ಅಂತ ಜನ ಹಿಂಜರೀತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಮು ಓದಿ. ಕಾಯಿಲೆ ಏನು, ಕೊಡುವ ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡಪರಿಣಾಮ ಏನು ಅಂತ ತಿಳಿಯುವುದು ರೋಗಿಯ ಹಕ್ಕು, ಅವರು ನೇಮಿಸಿದ ಪ್ರತಿನಿಧಿಯ ಹಕ್ಕು. ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. 25ನೇ ಕಲಮಿನ ಪ್ರಕಾರ ರೋಗಿ ತನ್ನ ದಾಖಲೆಗಳನ್ನೂ ಕೇಳಿ ಪಡೆಯಬಹುದು. ನೋಟಿಸ್ ಕೊಡಿ ಅಂತ ಹೇಳ್ತಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳೋಕೆ ಇಷ್ಟು ಗೊತ್ತಿದ್ದರೆ ಸಾಕು.

ಬೆಣ್ಣೆನಗರಿ ಅಕ್ಕ, ದಾವಣಗೆರೆ

ನಿನ್ನೆ ಹೋಗಿ ಬಂದ್ವಿ. ಈ ಚರ್ಚೆಯಿಂದ ಪ್ರಶ್ನೆಗಳನ್ನ ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರ್ಕೊಂಡು ಹೋಗಿದ್ದೆ. ಡಾಕ್ಟರು ಮೊದಲು ಗಡಿಯಾರ ನೋಡಿದರು. ಆಮೇಲೆ ತಮ್ಮನ ಮುಖ ನೋಡಿ ಪೆನ್ನು ಕೆಳಗಿಟ್ಟರು. ಹತ್ತು ನಿಮಿಷ ಹೇಳಿದರು. ಲಿಥಿಯಂ ಅನ್ನೋ ಹಳೇ ಮದ್ದು ಇದೆ, ಅದಕ್ಕೆ ಪದೇ ಪದೇ ರಕ್ತ ನೋಡಬೇಕು. ಮೊದಲ ಸಲ ಅಷ್ಟು ಜೋರಾಗಿದ್ದಾಗ ಬೇಗ ಇಳಿಸೋಕೆ ಡೈವಾಲ್‌ಪ್ರೊಯೆಕ್ಸೇ ಸರಿ ಅನ್ನಿಸ್ತು ಅಂದರು. ಹೋದ ಸಲ ಹೇಳದೇ ಇದ್ದದ್ದು ತಪ್ಪಾಯಿತು ಅಂತಲೂ ಅಂದರು. ಆ ಒಂದು ಮಾತಿಗೆ ನನ್ನ ಅರ್ಧ ಸಿಟ್ಟು ಇಳಿದುಹೋಯ್ತು. ಲಿವರ್, ಪ್ಲೇಟ್‌ಲೆಟ್, ರಕ್ತದಲ್ಲಿ ಮದ್ದಿನ ಮಟ್ಟ, ಮೂರಕ್ಕೂ ಬರೆದುಕೊಟ್ಟಿದ್ದಾರೆ. ಮಟ್ಟ ನೋಡೋ ರಕ್ತವನ್ನ ಮುಂದಿನ ಡೋಸಿಗೆ ಮೊದಲು ಕೊಡಬೇಕಂತೆ.

ಚೀಟಿಯಲ್ಲಿ ಡೈವಾಲ್‌ಪ್ರೊಯೆಕ್ಸ್ ಪಕ್ಕದಲ್ಲಿ ಕನ್ನಡದಲ್ಲೇ ಬರೆಸಿಕೊಂಡೆ: "ಬೈಪೋಲಾರ್, ಮನಸ್ಸು ಸಮವಾಗಿಡಲು." ಮೆಡಿಕಲ್ ಶಾಪಿನಲ್ಲಿ ಅದೇ ಹುಡುಗ ಇದ್ದ. ತಮ್ಮ ಚೀಟಿಯ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಹುಡುಗ ಓದಿ, ಏನೂ ಅನ್ನದೆ ಮಾತ್ರೆ ಎಣಿಸಿಕೊಟ್ಟ.

ತಮ್ಮ ಇಲ್ಲಿ ಒಂದು ಪ್ರಶ್ನೆ ಕೇಳಬೇಕಂತೆ. ಫೋನ್ ಅವನಿಗೇ ಕೊಡ್ತಿದ್ದೀನಿ.

ನಮಸ್ಕಾರ ಸರ್. ಸಕ್ಕರೆ ಪೊಟ್ಟಣ ಕಟ್ಟುವಾಗ ಕೈ ನಡುಗುತ್ತೆ, ದಾರ ಗಂಟು ಬೀಳಲ್ಲ. ಗಿರಾಕಿಗಳು ನೋಡ್ತಾರೆ. ಇದು ಮಾತ್ರೆಯಿಂದಲಾ? ನಿನ್ನೆ ಕೇಳೋಕೆ ಮರೆತೆ.

ಪಿಜಿ ಮನೋವೈದ್ಯ

ಆಗಿರಬಹುದು, ವಾಲ್‌ಪ್ರೊಯೇಟಿನಲ್ಲಿ ಸಣ್ಣ ನಡುಕ ಸಾಮಾನ್ಯ. ರಕ್ತದ ರಿಪೋರ್ಟ್ ತಗೊಂಡು ಹೋದಾಗ ಡಾಕ್ಟರ ಮುಂದೆ ಕೈ ಚಾಚಿ ತೋರಿಸಿ. ಮಟ್ಟ ಹೆಚ್ಚಿದ್ದರೆ ಡೋಸ್ ಇಳಿಸಬಹುದು. ಇಲ್ಲವಾದರೆ ಪ್ರೊಪ್ರನಲಾಲ್ ಸೇರಿಸಬಹುದು, ಮೇಲೆ ಮೆಡಿಕಲ್ ಕೌಂಟರಿನ ಅಣ್ಣ ಹೇಳಿದ ಬಿಪಿ ಕಪಾಟಿನದು. ಕೊಟ್ಟರೆ ಅದರ ಪಕ್ಕದಲ್ಲೂ ಯಾಕೆ ಅಂತ ಬರೆಸಿಕೊಳ್ಳಿ.